ಐದು ಪಿಕೋಸೆಕೆಂಡಿನ ಲೆಕ್ಕ

ನನ್ನ ಹೆಂಡತಿ ಸುಮಂಗಲಾ ಪುಣೆಯ ಒಂದು ಕನ್ನಡ ಶಾಲೆಯಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿದಳು. ನಿವೃತ್ತಳಾದ ಮೇಲೆ ಮಕ್ಕಳಿಗಾಗಿ ಒಂದು ಸಣ್ಣ ಪುಸ್ತಕ ಬರೆಯಲು ಕುಳಿತಳು. ಸೆಕೆಂಡಿಗಿಂತ ಸಣ್ಣ ಕಾಲವನ್ನು ಯಾವ ಅಳತೆಗಳಲ್ಲಿ ಹೇಳುತ್ತಾರೆ, ಒಂದು ಅಳತೆಯನ್ನು ಇನ್ನೊಂದಕ್ಕೆ ಬದಲಿಸುವುದು ಹೇಗೆ ಎಂಬುದು ಅದರ ವಿಷಯ. ಅರ್ಧ ಮುಗಿಯುವಷ್ಟರಲ್ಲಿ ಹಾಸಿಗೆ ಹಿಡಿದಳು. ಪೆನ್ನು ಹಿಡಿಯಲು ಆಗುತ್ತಿರಲಿಲ್ಲ. ಅವಳು ಹೇಳಿದಳು, ನಾನು ಬರೆದುಕೊಂಡೆ.

ನಾನು ಅಂಬಾದಾಸ, ತಳೇಗಾಂವದ ಕಾರಖಾನೆಯೊಂದರಲ್ಲಿ ಗುಮಾಸ್ತನಾಗಿದ್ದವನು. ನನಗೆ ಗೊತ್ತಿದ್ದ ಕಾಲವೆಂದರೆ ಪಂಚಾಂಗದ್ದು. ಗಳಿಗೆಗೆ ಅರವತ್ತು ಪಳ, ಪಳಕ್ಕೆ ಅರವತ್ತು ವಿಪಳ. ಏಕಾದಶಿಯ ಉಪವಾಸ ಬಿಡುವ ದ್ವಾದಶಿಯ ಪಾರಣೆ ಎಷ್ಟು ಗಂಟೆಯೊಳಗೆ ಆಗಬೇಕೆಂದು ನೆರೆಹೊರೆಯ ಕನ್ನಡದವರು ನನ್ನನ್ನು ಕೇಳುತ್ತಿದ್ದರು. ಗಳಿಗೆಯನ್ನು ಗಡಿಯಾರಕ್ಕೆ ಇಳಿಸಿ ಹೇಳುತ್ತಿದ್ದೆ. ನಲವತ್ತು ವರ್ಷ ಈ ಅರವತ್ತರಲ್ಲೇ ಕಳೆದಿದ್ದೇನೆ.

"ಸೆಕೆಂಡಿನ ಕೆಳಗ ನಿಮ್ಮ ಅರವತ್ತು ನಡಿಯೂದಿಲ್ಲರಿ, ಪಂಚಾಂಗದವ್ರ," ಎಂದು ಸುಮಂಗಲಾ ನಕ್ಕಿದ್ದಳು. "ಅಲ್ಲಿ ಎಲ್ಲಾ ಸಾವಿರದ ಲೆಕ್ಕ."

ಪರ್ವತಿ ಗುಡ್ಡದ ಮೆಟ್ಟಿಲುಗಳ ಮೇಲೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಅವಳು ಇದನ್ನು ಕಲಿಸುತ್ತಿದ್ದಳಂತೆ. ಎಲ್ಲರಿಗಿಂತ ಮೇಲೆ ನಿಂತವನು ಸೆಕೆಂಡು. ಅವನ ಕೆಳಗೆ ಮಿಲಿ, ಮೈಕ್ರೋ, ನ್ಯಾನೋ, ಪಿಕೋ, ಫೆಮ್ಟೋ, ಅಟ್ಟೋ. ಒಂದು ಮೆಟ್ಟಿಲು ಇಳಿದರೆ ಅಳತೆ ಸಾವಿರ ಪಾಲು ಸಣ್ಣದಾಗುತ್ತದೆ, ಎಣಿಕೆ ಸಾವಿರ ಪಟ್ಟು ದೊಡ್ಡದಾಗುತ್ತದೆ. ನನಗೂ ಹಾಗೆಯೇ ಕಲಿಸಿದಳು.

ಅವಳದೊಂದು ನಿಯಮವಿತ್ತು. ಬರೆದ ಪ್ರತಿ ಸಾಲನ್ನೂ ನಾನು ಓದಿ ಹೇಳಬೇಕು. ಸರಿಯಿದ್ದರೆ ಕಣ್ಣು ಮುಚ್ಚಿಕೊಂಡೇ "ಮುಂದ" ಎನ್ನುತ್ತಿದ್ದಳು.

ಕೊನೆಯ ಪುಟದಲ್ಲಿ ಅಭ್ಯಾಸದ ಲೆಕ್ಕಗಳು. ಪ್ರಶ್ನೆ ಹೇಳಿ ಉತ್ತರವನ್ನು ನನಗೇ ಬಿಟ್ಟಳು. ಐದು ಪಿಕೋಸೆಕೆಂಡೆಂದರೆ ಎಷ್ಟು ಫೆಮ್ಟೋಸೆಕೆಂಡು? ನಾನು ಏನೋ ಬರೆದೆ. ಮೂರು ದಿನದಿಂದ ನಿದ್ದೆಯಿರಲಿಲ್ಲ, ಸಂಜೆಯ ದೀಪವನ್ನೂ ಹಚ್ಚಿರಲಿಲ್ಲ.

"ಓದಿ ಹೇಳ್ರಿ," ಎಂದಳು.

"ನಾಳೆ ಓದ್ತೀನಿ. ಈಗ ಮಲಕೋ," ಎಂದೆ.

ಮರುದಿನ ಮುಂಜಾನೆ ಪೂಜೆಗೆ ತುಳಸಿ ಕೊಯ್ದು ಒಳಗೆ ಬರುವಷ್ಟರಲ್ಲಿ ಅವಳು ಹೋಗಿದ್ದಳು.

ಅವಳ ಹಳೆಯ ವಿದ್ಯಾರ್ಥಿನಿ ಆರತಿ ಈಗ ಅದೇ ಶಾಲೆಯಲ್ಲಿ ಶಿಕ್ಷಕಿ. ಪುಸ್ತಕವನ್ನು ಅಚ್ಚಿಗೆ ಕೊಟ್ಟವಳು ಅವಳೇ. ತನಗೆ ಕಲಿಸಿದ ಅಕ್ಕೋರ ಲೆಕ್ಕದಲ್ಲಿ ತಪ್ಪು ಹುಡುಕುವುದೇ ಎಂದು ಉತ್ತರಗಳನ್ನು ತಾಳೆ ನೋಡಲಿಲ್ಲವಂತೆ. ಸುಮಂಗಲೆಯ ವರ್ಷಾಬ್ದಿಕದ ಮರುದಿನ ಶಾಲೆಯಲ್ಲಿ ಹಂಚುವುದೆಂದು ನಿಶ್ಚಯವಾಗಿತ್ತು. ಅದಕ್ಕೆ ವಾರವಿರುವಾಗ ಆರತಿ ಒಂದು ಪ್ರತಿ ಹಿಡಿದುಕೊಂಡು ಮನೆಗೆ ಬಂದಳು.

"ಕಾಕಾ, ಇಲ್ಲಿ ಮುನ್ನೂರು ಅಂತ ಅದರಿ. ಐದು ಸಾವಿರ ಆಗಬೇಕಿತ್ತು. ಅಕ್ಕೋರಿಗೆ ಆಗ ಭಾಳ ತ್ರಾಸ ಆಗಿರಬೇಕು."

ಐದನ್ನು ಅರವತ್ತರಿಂದ ಗುಣಿಸಿದರೆ ಮುನ್ನೂರು. ಆ ಸಂಜೆ ನಾನು ಬರೆದದ್ದು ಇದೇ ಎಂದು ಕೂಡಲೇ ತಿಳಿಯಿತು. ಆದರೆ ಹೌದವಾ, ತ್ರಾಸಿತ್ತು ಎಂದುಬಿಟ್ಟೆ. ಅವಳು ತಿದ್ದುಪಡಿಯ ಚೀಟಿಯನ್ನು ಬರೆದೇ ತಂದಿದ್ದಳು. ಲೇಖಕಿಯ ಅನಾರೋಗ್ಯದ ಕಾರಣ ಒಂದು ಉತ್ತರ ತಪ್ಪಾಗಿದೆ ಎಂದಿತ್ತು. ಶನಿವಾರ ಪೇಟೆ ಬಡಾವಣೆಯಲ್ಲಿ ಪುಸ್ತಕ ಅಚ್ಚಾದ ದತ್ತುವಿನ ಛಾಪಖಾನೆಗೆ ಅದನ್ನು ಮುಟ್ಟಿಸುವ ಕೆಲಸ ನನ್ನ ಪಾಲಿಗೆ ಬಂತು.

ಮರುದಿನ ಪೂಜೆಗೆ ಕುಳಿತು ಸಂಕಲ್ಪ ಹೇಳತೊಡಗಿದೆ. ಬ್ರಹ್ಮನ ಆಯುಷ್ಯದಿಂದ ಮೊದಲಾಗಿ ಮನ್ವಂತರ, ಯುಗ, ಸಂವತ್ಸರ, ಮಾಸ, ಪಕ್ಷ ಎಂದು ಇಳಿಯುತ್ತ ಇಂದಿನ ತಿಥಿಗೆ ಬಂದು ನಿಲ್ಲಬೇಕು. ಅಂದು ತಿಥಿಯ ಹತ್ತಿರ ನಾಲಿಗೆ ತಡೆಯಿತು. ದಿನವೂ ವಿಠ್ಠಲನ ಮುಂದೆ ಕಾಲವನ್ನು ತಪ್ಪಿಲ್ಲದೆ ಹೇಳುವವನು ನಾನು. ಒಂದು ತಪ್ಪನ್ನೂ ಮಾಡದವಳ ಹೆಸರಿಗೆ ನನ್ನ ತಪ್ಪನ್ನು ಕಟ್ಟಲು ಹೊರಟಿದ್ದೆ. ಅವಳು ಓದಿ ಹೇಳೆಂದು ಕೇಳಿದ್ದಳು.

ಛಾಪಖಾನೆಯಲ್ಲಿ ನಿಂತು ಚೀಟಿಯಲ್ಲಿದ್ದ ಅನಾರೋಗ್ಯದ ಮಾತನ್ನು ಹೊಡೆದುಹಾಕಿ ಬೇರೆ ಬರೆದೆ. ಲೇಖಕಿಯ ತಪ್ಪಲ್ಲ, ಬರೆದುಕೊಂಡ ಅಂಬಾದಾಸನ ತಪ್ಪು, ಲೇಖಕಿ ಕೇಳಿದರೂ ಅವನು ಓದಿ ಹೇಳಲಿಲ್ಲ. ದತ್ತು, ಅಕ್ಷರ ಜೋಡಿಸುವವನಿಗೆ ಬಿಟ್ಟರೆ ತನಗೆ ಕನ್ನಡ ಓದಲು ಬಾರದೆಂದೂ ಈ ವಯಸ್ಸಿನಲ್ಲಿ ಕಾಕಾ ಯಾರ ಜೊತೆ ಜಗಳ ತೆಗೆದಿದ್ದಾರೆಂದೂ ಮರಾಠಿಯಲ್ಲಿ ಚೇಷ್ಟೆ ಮಾಡಿದ. ಚೀಟಿಯನ್ನು ಅವನ ಕೈಗೆ ಕೊಟ್ಟು ಹೊರಬಂದೆ.

ಚೀಟಿ ನೋಡಿ ಆರತಿ ಫೋನ್ ಮಾಡಿದಳು.

"ಕಾಕಾ, ಇಷ್ಟೆಲ್ಲಾ ಯಾಕ ಬರದ್ರಿ? ಸಣ್ಣ ಹುಡುಗರು ಓದೂದದು."

"ಅವರೇ ಓದಬೇಕವಾ," ಎಂದೆ. "ಅಕ್ಕೋರಿಗೆ ಲೆಕ್ಕ ಬರತಿತ್ತು."

ಅವಳು, ಆಗಲಿ ಕಾಕಾ, ಇನ್ನೂರು ಪ್ರತಿಗೂ ಅಂಟಿಸೋಣ ಎಂದಳು.

ಎರಡು ದಿನ ಕುಳಿತು ಇಬ್ಬರೂ ಅಂಟಿಸಿದೆವು. ಬೆನ್ನು ಹಿಡಿದುಕೊಂಡಿತು. ಆರತಿ ಹೋದ ಮೇಲೆ ಒಂದು ಪ್ರತಿಯನ್ನು ತೆಗೆದುಕೊಂಡು ಸುಮಂಗಲೆಯ ಫೋಟೋದ ಮುಂದೆ ಕುಳಿತು ಕೊನೆಯ ಪುಟ ತೆರೆದೆ.

"ಐದು ಪಿಕೋಸೆಕೆಂಡು ಅಂದರ ಐದು ಸಾವಿರ ಫೆಮ್ಟೋಸೆಕೆಂಡು," ಎಂದು ಓದಿ ಹೇಳಿದೆ.

ರೂಢಿಯಂತೆ ಅವಳ "ಮುಂದ"ಕ್ಕೆ ಕಾದೆ. ಅದರ ಮುಂದೆ ಅವಳು ಬರೆಸಿದ್ದು ಏನೂ ಇರಲಿಲ್ಲ. ಕನ್ನಡಕ ತೆಗೆದಿಟ್ಟು ದೀಪ ಹಚ್ಚಲು ಎದ್ದೆ.