ತಿರುವಿನಲ್ಲಿ ಸಿಕ್ಕಿಕೊಂಡ ಸ್ಟ್ರೆಚರ್

೧

ಜಲಾಂತರ್ಗಾಮಿಯ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು? ಮೂತಿಯಿಂದಲೋ, ಬಾಲದಿಂದಲೋ? ನಾನು ಇಷ್ಟು ಕಾಲ ಬರೆದದ್ದೆಲ್ಲ ಕೊಟ್ಟಿಗೆ, ಬದು, ಬಾವಿಕಟ್ಟೆ. ಕೊಟ್ಟಿಗೆಯ ಕಥೆ ಬಾಗಿಲಿನಿಂದ ಶುರುವಾಗುತ್ತದೆ, ಹಸು ಒಳಗೆ ಬರುವುದು ಅಲ್ಲಿಂದಲೇ ತಾನೆ. ಇಲ್ಲಿ ಮೊದಲು "ಸಮುದ್ರ ಗಾಢ ಮೌನದಲ್ಲಿತ್ತು" ಎಂದು ಬರೆದೆ. ಬರೆದವನಿಗೇ ನಗು ಬಂತು, ಹೊಡೆದುಹಾಕಿದೆ. ಈ ಕಥೆಯಲ್ಲಿ ಸಮುದ್ರವೇ ಇಲ್ಲ. ಇರುವುದು ತಗಡಿನ ಮಾಡಿನ ಒಂದು ಶೆಡ್ಡು, ಪ್ಲೈವುಡ್ಡು, ಮರದ ಪುಡಿ, ಮತ್ತು ಸ್ಟ್ರೆಚರಿನ ಮೇಲೆ ಮಲಗಿ "ಏಳೋದಿಲ್ಲ" ಎಂದು ಹಟ ಹಿಡಿದಿರುವ ಒಬ್ಬ ಡಿಸೈನರ್.

ಅವಳು ಯಾಕೆ ಮಲಗಿದಳು? ಹೇಳುತ್ತೇನೆ, ಅವಸರವಿಲ್ಲ. (ಅವಸರವಿರುವುದು ಅವಳ ಮುಖ್ಯಸ್ಥನಿಗೆ. ಮಧ್ಯಾಹ್ನ ಮೂರರೊಳಗೆ ನಕ್ಷೆಗೆ ಅವಳ ಸಹಿ ಬೀಳಬೇಕು.)

೨

ಹಳೆಯ ಜಲಾಂತರ್ಗಾಮಿಯನ್ನು ಒಂದೇ ಅಂಗಳದಲ್ಲಿ ತಲೆಯಿಂದ ಬಾಲದವರೆಗೆ ಕಟ್ಟುತ್ತಿದ್ದರು. ಮುಂದೆ ಬರಲಿರುವುದು ಹಾಗಲ್ಲ. ಡೀಸೆಲ್ಲಿನಿಂದ ಬ್ಯಾಟರಿ ತುಂಬಿಸಿಕೊಂಡು ಓಡುವ ಅದೇ ಜಾತಿಯ ಹಡಗೇ, ಆದರೆ ತುಂಡು ತುಂಡು; ಒಂದೊಂದು ತುಂಡೂ ಒಂದು ಮಾಡ್ಯೂಲು. ಮೂತಿ ಒಂದು ಕಾರ್ಖಾನೆಯಲ್ಲಿ, ಎಂಜಿನ್ನು ಇನ್ನೊಂದರಲ್ಲಿ. ನಡುವಿನ ಮಾಡ್ಯೂಲನ್ನಂತೂ ಬೇಕಾದಂತೆ ಬದಲಾಯಿಸಬಹುದು: ಈ ಸಲ ಹೆಚ್ಚಿನ ಬ್ಯಾಟರಿ, ಮುಂದಿನ ಸಲ ಮುಳುಗುಗಾರರ ಕೋಣೆ. ಕೇಳಲು ಚೆನ್ನಾಗಿದೆ. ಅವಳಿಗೂ ಚೆನ್ನಾಗಿಯೇ ಕಂಡಿತ್ತು. ಆ ನಡುವಿನ ಮಾಡ್ಯೂಲಿಗೆ ನಾಲ್ಕು ವರ್ಷ ತೇದವಳು ಅವಳೇ.

ಆ ಶೆಡ್ಡಿನಲ್ಲೊಂದು ರೂಢಿಯಿತ್ತು. ಕಬ್ಬಿಣ ಕೊಯ್ಯುವ ಮೊದಲು ಅಷ್ಟೇ ಅಳತೆಯದನ್ನು ಪ್ಲೈವುಡ್ಡಿನಲ್ಲಿ ಕಟ್ಟುವುದು. ನಕ್ಷೆಗೆ ಸಹಿ ಹಾಕುವವರನ್ನು ಸ್ಟ್ರೆಚರಿಗೆ ಬಿಗಿದು ಅದರೊಳಗೆ ಈ ತುದಿಯಿಂದ ಆ ತುದಿಗೆ ಹೊತ್ತು ಸಾಗಿಸುವುದು, ನಾಳೆ ಗಾಯಗೊಂಡವನನ್ನು ಹೊರತರಲಾಗುತ್ತದೋ ಎಂದು ನೋಡಲು. ಇದನ್ನು ತಂದವನು ಎಲ್ಲರೂ ಬಡಗಿ ಮಾವ ಎಂದು ಕರೆಯುವ ಮುದುಕ. "ಸಹಿ ಹಾಕೋ ಕೈ ಮೊದಲು ಹಗ್ಗದಲ್ಲಿರಲಿ" ಅನ್ನುವುದು ಅವನ ವರಸೆ.

೨ (ಮತ್ತೆ, ಮೇಲಿನದರಲ್ಲಿ ತಪ್ಪನ್ನೇ ಹೇಳಲಿಲ್ಲ)

ಮಾಡ್ಯೂಲು ಬಂದ ಮೇಲೆ ಶೆಡ್ಡುಗಳೂ ಬೇರೆಯಾದವು. ಪ್ರತಿ ತುಂಡನ್ನೂ ಅದರದರ ಶೆಡ್ಡಿನಲ್ಲೇ ಸ್ಟ್ರೆಚರ್ ಹೊತ್ತು ನೋಡಿದರು. ಎಲ್ಲವೂ ಪಾಸು. ತುಂಡು ತುಂಡು ಸೇರುವ ಜಾಗ ಮಾತ್ರ ಯಾರ ಶೆಡ್ಡಿಗೂ ಸೇರಿದ್ದಲ್ಲ. ಅಲ್ಲಿ ತಮ್ಮಿಂದ ತಕರಾರು ಬಾರದಿರಲಿ ಎಂದು ಪೈಪಿನವರು ಹೆಬ್ಬೆರಳಗಲ ಜಾಗ ಹಿಡಿದಿಟ್ಟುಕೊಂಡರು. ವೈರಿನವರೂ ಹಿಡಿದರು, ಬ್ಯಾಟರಿಯವರೂ ಹಿಡಿದರು. ತನ್ನ ಮಾಡ್ಯೂಲಿನಲ್ಲಿ ನಾವಿಕರ ಮಂಚಗಳನ್ನು ಜೋಡಿಸುವ ಅವಳೂ ಹಿಡಿದಳು. ಎಲ್ಲರೂ ಒಳ್ಳೆಯವರೇ. ಆ ಒಳ್ಳೆಯವರ ಹೆಬ್ಬೆರಳುಗಳೆಲ್ಲ ಕೂಡಿ ನಡೆದಾಡುವ ಓಣಿಯನ್ನು ನುಂಗಿದವು.

ಇವತ್ತು ಬೆಳಿಗ್ಗೆ ಅವಳು ಎಂಜಿನ್ನಿನ ಪ್ಲೈವುಡ್ ತುಂಡನ್ನು ಟ್ರಾಲಿಯ ಮೇಲೆ ತರಿಸಿ ತನ್ನದಕ್ಕೆ ಜೋಡಿಸಿದಳು. ಅಪ್ಪಣೆ ಕೇಳಲಿಲ್ಲ. ಎರಡು ಗಂಟೆಗೆ ತಾನೇ ಸ್ಟ್ರೆಚರಿಗೆ ಬಿಗಿಸಿಕೊಂಡು ಮಲಗಿದಳು. ತಲೆಯ ಕಡೆ ಬಡಗಿ ಮಾವ, ಕಾಲಿನ ಕಡೆ ವೆಲ್ಡರ್. ಜೋಡಣೆಯ ತಿರುವಿನಲ್ಲಿ ಸ್ಟ್ರೆಚರ್ ಕಚ್ಚಿಕೊಂಡಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ತಲೆ ಒಂದು ಮಾಡ್ಯೂಲಿನಲ್ಲಿ, ಬೂಟು ಇನ್ನೊಂದರಲ್ಲಿ.

"ಓರೆ ಮಾಡಿ ನೋಡೋಣ್ವಾ?" ಅಂದ ವೆಲ್ಡರ್.

"ಹೊತ್ತಿರೋದು ಸೋಫಾ ಅಲ್ಲಪ್ಪಾ, ಮನುಷ್ಯನ್ನ," ಅಂದ ಬಡಗಿ ಮಾವ.

೪

(ಮೂರನ್ನು ಹರಿದೆ. ಅದರಲ್ಲಿ ಅವಳಿಗೊಬ್ಬ ತಮ್ಮನನ್ನು ಕೊಟ್ಟಿದ್ದೆ, ಜಲಾಂತರ್ಗಾಮಿಯಲ್ಲಿ ಕೆಲಸಕ್ಕಿರುವವನು. ಓದುಗರ ಕಣ್ಣು ಒದ್ದೆಯಾಗಲಿ ಅಂತ. ಮಲಗಿದಲ್ಲಿಂದಲೇ ಕೂಗಿದಳು: "ನನಗೆ ತಮ್ಮ ಇಲ್ಲ ರೀ. ಸ್ವಂತ ತಮ್ಮ ಒಳಗಿದ್ರೆ ಮಾತ್ರ ಚಿಂತೆ ಆಗ್ಬೇಕಾ? ತೆಗೀರಿ." ತೆಗೆದೆ.)

ಮುಖ್ಯಸ್ಥ ನಕ್ಷೆಯ ಸುರುಳಿ ಹಿಡಿದುಕೊಂಡು ಬಂದ. ಅವನನ್ನು ಖಳನಾಯಕ ಮಾಡಲು ನೋಡಿದೆ, ಕೂಡಿಬರಲಿಲ್ಲ. ಅವಳಿಗೆ ಪೆನ್ಸಿಲ್ ಹಿಡಿಯುವುದನ್ನು ಕಲಿಸಿದ್ದೇ ಅವನು.

"ಏನಮ್ಮಾ ಇದು? ಎಲ್ಲಾ ಮಾಡ್ಯೂಲೂ ಪಾಸಾಗಿವೆ."

"ಮಾಡ್ಯೂಲು ಪಾಸು ಸಾರ್. ಹಡಗು ಫೇಲು."

"ಇದು ಬರೀ ಕಾನ್ಸೆಪ್ಟು. ಮುಂದೆ ಸರಿ ಮಾಡ್ಕೊಳ್ಳೋಣ. ಸಹಿ ಹಾಕು."

"ಐದು ಕಾರ್ಖಾನೆಗೆ ಅಳತೆ ಹೋದ್ಮೇಲೆ ಯಾರು ಸರಿ ಮಾಡ್ತಾರೆ? ನೀವಾ?"

ಅವನು ಗಡಿಯಾರ ನೋಡಿದ. ಎರಡು ಇಪ್ಪತ್ತು. "ಸಹಿ ಹಾಕದಿದ್ರೆ ಇನ್ನೊಬ್ಬರು ಹಾಕ್ತಾರೆ. ಈ ಪ್ರಾಜೆಕ್ಟಲ್ಲಿ ನೀನಿರಲ್ಲ, ಅಷ್ಟೇ."

"ಹಾಕೋರು ಯಾರೋ ಬರ್ಲಿ. ಮೊದಲು ಇಲ್ಲಿ ಮಲಗ್ಲಿ."

"ಮೊದಲು ಎದ್ದೇಳು."

"ಕಾಲು ಮುರ್ಕೊಂಡೋನು ಏಳಲ್ಲ ಸಾರ್."

ಬಡಗಿ ಮಾವ ಕೆಮ್ಮಿದ. ಅದು ನಗುವೇ ಇರಬೇಕು.

೫, ಅಥವಾ ಕೊನೆ

ನನ್ನ ಕಥೆಯೂ ತುಂಡು ತುಂಡೇ ಆದದ್ದರಿಂದ ಕೊನೆಯನ್ನು ಬದಲಾಯಿಸಬಹುದು ಅಂದುಕೊಂಡೆ. ಮೂರು ಮಾಡ್ಯೂಲು ಮಾಡಿಟ್ಟಿದ್ದೆ.

ಮೊದಲನೆಯದು: ಮುಖ್ಯಸ್ಥ ಕರಗುತ್ತಾನೆ, ನಕ್ಷೆ ಹರಿಯುತ್ತಾನೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಓದಿ ಹೇಳಿದೆ, ಬಡಗಿ ಮಾವ ಒಪ್ಪಲಿಲ್ಲ. "ಸ್ವಾಮೀ, ಅವರಿಗೂ ಮೇಲೊಬ್ಬರಿದ್ದಾರೆ. ಚಪ್ಪಾಳೆ ತಟ್ಟೋಕೆ ನಮಗೆ ಕೈ ಎಲ್ಲಿದೆ? ಸ್ಟ್ರೆಚರ್ ಹಿಡ್ಕೊಂಡಿದೀವಿ."

ಎರಡನೆಯದು: ಅವಳು ಸೋತು ಸಹಿ ಹಾಕುತ್ತಾಳೆ, ಮನೆಗೆ ಹೋಗಿ ಕಿಟಕಿಯಾಚೆ ನೋಡುತ್ತಾ ನಿಲ್ಲುತ್ತಾಳೆ. "ನಮ್ಮನೆ ಕಿಟಕಿ ಆಚೆ ಪಕ್ಕದ ಮನೆ ಗೋಡೆ ಇದೆ," ಅಂದಳು. "ಅದನ್ನೇನು ನೋಡ್ಲಿ?"

ಮೂರನೆಯದು ನನಗೆ ಬಹಳ ಇಷ್ಟವಾದದ್ದು. ಹತ್ತು ವರ್ಷದ ನಂತರ ಹಡಗಿನಲ್ಲಿ ಹೊಗೆ, ಅದೇ ತಿರುವು, ಅದೇ ಸ್ಟ್ರೆಚರ್. ಅವಳು ಹೇಳಿದ್ದೇ ನಿಜವಾಗುತ್ತದೆ. ಹೆಮ್ಮೆಯಿಂದಲೇ ಅವಳಿಗೆ ಓದಿ ಹೇಳಿದೆ.



"ನಾನು ಸರಿ ಅಂತ ತೋರಿಸೋಕೆ ಹಡಗಲ್ಲಿರೋ ನಲವತ್ತು ಜನರನ್ನ ಸಾಯಿಸ್ತೀರಾ?" ಅಂದಳು. "ಅವರು ಬದುಕಿರ್ಲಿ ಅಂತ ತಾನೇ ನಾನಿಲ್ಲಿ ಮಲಗಿರೋದು? ನಿಮ್ಮ ಕಥೆಯೂ ಅದೇ ರೀ. ತುಂಡೆಲ್ಲ ಚೆನ್ನಾಗಿದೆ, ಒಳಗಿಂದ ಮನುಷ್ಯ ದಾಟೋಕಾಗಲ್ಲ."

 ಆ ಪುಟಗಳನ್ನು ಒಲೆಗೆ ಹಾಕಿದೆ. ನಲವತ್ತು ಜನ ಬದುಕಿದರು, ಸದ್ಯಕ್ಕೆ.

೫, ಕೊನೆಯಲ್ಲ

ಈಗ ಎರಡು ಐವತ್ತು. ಮುಖ್ಯಸ್ಥ ಪ್ಲೈವುಡ್ಡಿನ ಅಂಚಿಗೆ ತನ್ನ ಹೆಬ್ಬೆರಳನ್ನು ಇಟ್ಟು ಅಳೆಯುತ್ತಿದ್ದಾನೆ. ಒಂದು ಸಲ ಅಳೆದ. ಇನ್ನೊಂದು ಸಲ ಅಳೆಯುತ್ತಿದ್ದಾನೆ. ನಕ್ಷೆ ಕಂಕುಳಲ್ಲೇ ಇದೆ, ಪೆನ್ನು ಜೇಬಿನಲ್ಲೇ ಇದೆ. ಅವನು ಏನು ಹೇಳುತ್ತಾನೆಂದು ನನಗೆ ಗೊತ್ತಿಲ್ಲ, ಗೊತ್ತಿದ್ದರೂ ಬರೆಯುವುದಿಲ್ಲ. ಬರೆದರೆ ನೀವು ಪುಸ್ತಕ ಮುಚ್ಚಿ ಎದ್ದು ಹೋಗುತ್ತೀರಿ. ಅವಳು ಅಲ್ಲೇ ಇರುತ್ತಾಳೆ.

"ಮಾವ, ಕೈ ನೋಯ್ತಿದ್ಯಾ?" ಅವಳು ಕೇಳಿದಳು.

"ನೋಯ್ತದೆ ಮಗಾ. ನೋಯ್ಲಿ ಬಿಡು."

ಎಪ್ಪತ್ತರ ಮುದುಕ. ನೋಡಿಕೊಂಡು ಕೂರಲಾಗಲಿಲ್ಲ. ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು, ಬಗ್ಗಿ ಒಳಗೆ ಹೋಗಿ, ತಲೆಯ ಕಡೆಯ ಹಿಡಿಕೆಗಳನ್ನು ನಾನು ತೆಗೆದುಕೊಂಡೆ. ಭಾರವಾಗಿದ್ದಾಳೆ. ವೆಲ್ಡರನಿಗೂ ತೋಳು ಸೋತಿದೆ, ಕಾಲಿನ ಕಡೆಯದನ್ನು ಯಾರಾದರೂ ಹಿಡಿಯಬೇಕು.

ಹೇಗೂ ಇಲ್ಲಿಯವರೆಗೆ ಬಂದಿದ್ದೀರಲ್ಲ. ಬನ್ನಿ, ತಲೆ ಬಗ್ಗಿಸಿ, ಮೊಳೆ ಇದೆ. ಹಿಡಿದಿರಾ?

ಇಳಿಸಬೇಡಿ.