ಗಣಿಯ ಮಾಲಕರು

"ಸುಮಿತ್ರಾನ ಲಗ್ನಾ ಗೊತ್ತಾದ ದಿನಾನ ಈ ಷೇರ್ ಮಾರಿ, ಊರ ಮಂದಿ ನೋಡೂಹಂಗ ಮಾಡ್ತೀನಿ, ಅಣ್ಣಾ." ಹದಿನಾಲ್ಕು ವರ್ಷಗಳ ಹಿಂದೆ, ಕೊನೆಗಾಲದಲ್ಲಿದ್ದ ಅಣ್ಣ ಶಾಂತಪ್ಪನ ಕೈ ಹಿಡಿದು ಕಲ್ಯಾಣಪ್ಪ ಕೊಟ್ಟ ಮಾತು ಅದು. ಮುಂಬಯಿಯ ಗಣಿ ಕಂಪನಿಯ ಆ ಷೇರುಗಳನ್ನು ಅಣ್ಣ ಆಗಲೇ ತಮ್ಮನ ಹೆಸರಿಗೆ ಮಾಡಿದ್ದ. ಕಂಪನಿ ಸರಕಾರದ ಯುರೇನಿಯಂ ಗಣಿ ಅಗೆಯುವ ಗುತ್ತಿಗೆ ಹಿಡಿದ ಮೇಲೆ ಅವುಗಳ ಬೆಲೆ ಏರುತ್ತಲೇ ಹೋಗಿತ್ತು. ಈಗ, ಎಪ್ಪತ್ತೈದನೇ ಇಸವಿಯ ದೀಪಾವಳಿಗೆ ಮುಂಚೆ, ಅಣ್ಣನ ಮಗಳು ಸುಮಿತ್ರಾಳಿಗೆ ಅಕ್ಕಲಕೋಟದ ವರ ಗೊತ್ತಾಗಿದ್ದ.

ಅದೇ ವಾರ ವಿಜಾಪುರ ರಸ್ತೆಯ ಕಲ್ಯಾಣಪ್ಪನ ಅರಿವೆ ಅಂಗಡಿಗೆ ಮೈಂದರ್ಗಿಯ ನಿಂಗಣ್ಣ ಧೋತರ ಕೊಳ್ಳಲು ಬಂದ. ಅದೇ ಗಣಿಯಲ್ಲಿ ಆರು ವರ್ಷ ಬಂಡೆ ಕೊರೆದು, ಕೆಮ್ಮು ಹತ್ತಿಸಿಕೊಂಡು ಊರಿಗೆ ಮರಳಿದ್ದವನು.

"ಆ ಕಂಪನಿದು ನಮ್ಮ ಕಡೀನೂ ಷೇರ್ ಅದಾವು," ಎಂದ ಕಲ್ಯಾಣಪ್ಪ, ತುಸು ಹೆಮ್ಮೆಯಿಂದಲೇ.

"ಅಂದ್ರ ನಮ್ಮ ಮಾಲಕರು ನೀವ ಅನ್ರಿ!" ನಿಂಗಣ್ಣ ನಕ್ಕ. ನಗು ಕೆಮ್ಮಾಗಿ ಗೋಡೆ ಹಿಡಿದು ನಿಂತ. "ಹಂಗಾರ ಮಾಲಕ್ರ, ಒಳಗಿನ ಗಾಳಿ ಫ್ಯಾನ್ ಕೆಟ್ಟು ಎರಡು ವರ್ಷಾತು. ಧೂಳಿನ್ಯಾಗ ಮುಂದಿನ ಮನಷ್ಯಾ ಕಾಣಂಗಿಲ್ಲ. ಅದೊಂದು ಚಾಲೂ ಮಾಡಸ್ರಿ. ಜನ್ಮದಾಗ ಬ್ಯಾರೆ ಅಂಗಡ್ಯಾಗ ಧೋತರಾ ಒಯ್ಯಂಗಿಲ್ಲ."

ಕಲ್ಯಾಣಪ್ಪ ಕಂಪನಿಯ ಕಾಗದಗಳನ್ನೆಲ್ಲ ಸಾಲಿ ಗೆಳೆಯ, ವಕೀಲ ಬಸಯ್ಯನ ಮುಂದೆ ಹರವಿದ. ವರ್ಷಕ್ಕೊಮ್ಮೆ ಇಂಗ್ಲಿಷಿನ ಫಾರ್ಮೊಂದು ಬರುತ್ತಿತ್ತು. ಅರಿವೆಯ ಗಂಟು ಮುಟ್ಟಿತೆಂದು ಪೋಚ್‌ಪಾವತಿಗೆ ಸಹಿ ಹಾಕುವಂತೆ ಅದಕ್ಕೂ ಹಾಕಿ ತಿರುಗಿ ಕಳಿಸುತ್ತಿದ್ದ.

"ಪಾವತಿ ಅಲ್ಲೋ ಶಾಣ್ಯಾ, ಇದು ನಿನ್ನ ಮತ," ಎಂದ ಬಸಯ್ಯ. "ಕಂಪನಿಯ ವರ್ಷದ ಸಭಾದಾಗ ನನ್ನ ಬದಲಿ ನೀವ ಕೈ ಎತ್ತರಿ ಅಂತ ಕಂಪನಿಯವರಿಗೇ ಬರದ ಕೊಟ್ಟೀದಿ. ಈ ಕಾಗದದಾಗ ಅದ ನೋಡು, ಹೋದ ವರ್ಷ ಯಾರೋ ಪುಣ್ಯಾತ್ಮ ಆ ಫ್ಯಾನ್ ರಿಪೇರಿಗೆ ಠರಾವ್ ತಂದಿದ್ದ. ಬಿದ್ದುಹೋತು. ಬೀಳಿಸಿದವರೊಳಗ ನೀನೂ ಒಬ್ಬ."

ಅಂದು ಸಂಜೆ ಕಲ್ಯಾಣಪ್ಪ ಅತ್ತಿಗೆ ಅಕ್ಕನಾಗಮ್ಮನಿಗೆ ಎಲ್ಲ ಹೇಳಿದ.

"ಮಾರಿ ಕೈ ತೊಳಕೊ," ಎಂದಳು ಆಕೆ.

"ಮಾರಿದ ಮ್ಯಾಲ ಸಭಾಕ್ಕ ಯಾರು ಬಿಡ್ತಾರ, ವೈನಿ? ಕೊಂಡಾವ ನನ್ನಂಗ ಸಹಿ ಹಾಕಿ ಕಳಸ್ತಾನ. ಇಟಗೊಂಡ್ರ ಎದ್ದು ನಿಂತು ಕೇಳಬಹುದು. ಆದ್ರ ಅಣ್ಣಗ ಮಾತು ಕೊಟ್ಟೀನಿ..."

ಅಕ್ಕನಾಗಮ್ಮ ಜೋಳ ಹಸನು ಮಾಡುವುದನ್ನು ಮುಗಿಸಿ ಮೊರ ಬದಿಗಿಟ್ಟಳು.

"ಬ್ಯಾಂಡ್ ಬಾಜಾ ಬೇಕಂತ ಹುಡುಗಿ ಕೇಳಿಲ್ಲ, ನಿಮ್ಮಣ್ಣ ಕೇಳಿದ್ರು. ಅವರಿಗೇನು, ಫೋಟೋದಾಗ ಆರಾಮ ಕುಂತಾರ. ನೀ ಮುಂಬೈಕ್ಕ ಹೋಗಿ ಬಾ."

ಹೋದ. ಸೂಟು ತೊಟ್ಟವರ ನಡುವೆ ಎದ್ದು ನಿಂತು, ಫ್ಯಾನು ಎಂದು ತಿರುಗುತ್ತದೆ ಎಂದು ಮರಾಠಿಯಲ್ಲಿ ಕೇಳಿದ. ವಿಚಾರಿಸುತ್ತೇವೆ ಎಂದರು ಮೇಲೆ ಕುಳಿತವರು. ಮುಂದಿನ ವರ್ಷವೂ ಬರುತ್ತೇನೆ ಎಂದು ಹೇಳಿ ಕುಳಿತ.

ಮಾಘದಲ್ಲಿ ಸುಮಿತ್ರಾಳ ಲಗ್ನ ವರನ ಮನೆಯ ಅಂಗಳದಲ್ಲಿ, ಐವತ್ತು ಜನರ ಊಟದಲ್ಲಿ ಮುಗಿಯಿತು. ಕಲ್ಯಾಣಪ್ಪ ಷೇರು ಮಾರಲಿಲ್ಲ. ಅಣ್ಣನಿಗೆ ಕೊಟ್ಟ ಮಾತು ಮುರಿದ.