ಮೊಯ್ದೀನರ ಶುಕ್ರವಾರದ ಕೋಟೆ

ನನ್ನ ಗಂಡ ಮೊಯ್ದೀನರಿಗೆ ಮಸ್ಕತ್ತಿನ ಅಲ್ ಖೌದ್‌ನಲ್ಲಿ ದಿನಸಿ ಅಂಗಡಿ. ನಾನಿದ್ದದ್ದು ಉಳ್ಳಾಲದಲ್ಲಿ. ಪ್ರತಿ ಶುಕ್ರವಾರ ಜುಮಾ ನಮಾಜು ಮುಗಿದ ಮೇಲೆ ಫೋನು ಬರುತ್ತಿತ್ತು, ಫೋನಿನ ತುಂಬ ಕೋಟೆ. ಅಂಗಡಿ ಎದುರಿನ ಗುಡ್ಡದ ಮೇಲೆ ಹಳೇ ಕೋಟೆಯಂತೆ, ಶುಕ್ರವಾರ ಸಂಜೆ ಗೆಳೆಯರ ಜೊತೆ ಅಲ್ಲಿ ಗಾಳಿಗೆ ಕೂರುತ್ತಾರಂತೆ, ನಮ್ಮ ಮಂಗಳೂರಿನ ಸುಲ್ತಾನ್ ಬತ್ತೇರಿಯ ಬುರುಜನ್ನು ಅದರ ಅಂಗಳದಲ್ಲೇ ಇಡಬಹುದಂತೆ. ಮಕ್ಕಳ ಜ್ವರ, ಸೋರುವ ಮಾಡು, ಇದೆಲ್ಲದರ ನಡುವೆ ಅದನ್ನು ಕೇಳಿ ನನಗೆ ಸಮಾಧಾನ. ಸದ್ಯ, ಇವರಾದರೂ ಸುಖವಾಗಿದ್ದಾರೆ ಅಂದುಕೊಳ್ಳುತ್ತಿದ್ದೆ.

ಮಕ್ಕಳು ದೊಡ್ಡವರಾದ ಮೇಲೆ, ಈ ಚಳಿಗಾಲ, ವಿಸಿಟ್ ವೀಸಾದಲ್ಲಿ ಬಂದಿಳಿದೆ. ಮೊದಲ ಶುಕ್ರವಾರವೇ ಅಕ್ಕಿರೊಟ್ಟಿಯ ಪತ್ತಿರ್, ಕೋಳಿಸಾರು ಕಟ್ಟಿಕೊಂಡು, ಮದುವೆಮನೆಗೆ ಹಾಕುವ ಚಪ್ಪಲಿ ಮೆಟ್ಟಿ ಹೊರಟು ನಿಂತೆ. ಅಷ್ಟು ದೊಡ್ಡ ಕೋಟೆಗೆ ಮೆಟ್ಟಿಲು ಇಲ್ಲದೆ ಇರುತ್ತದೆಯೇ? ಇವರು ತಲೆ ಕೆರೆದುಕೊಂಡರು.

"ಮೈಮುನಾ, ಬಿಸಿಲು ಜಾಸ್ತಿ ಉಂಟಲ್ಲ. ಮಾಲ್‌ಗೆ ಹೋಗುವನಾ?"

"ಎಂತ ಮಾಲ್? ಕೋಟೆಗೆ. ಯಲ್ಲಾ, ನಡೀರಿ."

ಗುಡ್ಡದ ಬುಡದಲ್ಲಿ ಇವರು ಎಡಕ್ಕೆ ತಿರುಗಿದರು, ಆಡಿನ ಕೊಟ್ಟಿಗೆ ಸಿಕ್ಕಿತು. ಬಲಕ್ಕೆ ತಿರುಗಿದರು, ಅದೇ ಕೊಟ್ಟಿಗೆಯ ಹಿಂಭಾಗ ಸಿಕ್ಕಿತು. ಆಡುಗಳಿಗೆ ಹುಲ್ಲು ಹಾಕುತ್ತಿದ್ದ ಒಮಾನಿ ಮುದುಕ ಇವರನ್ನು ಕಂಡು ಕಣ್ಣರಳಿಸಿದ.

"ಮೊಯ್ದೀನ್! ನಮಾಜ್ ಖಲಾಸ್, ದುಕಾನ್ ಬಂದ್? ಪಹಲೀ ಬಾರ್ ದೇಖಾ!"

ಅಷ್ಟು ಹಿಂದಿ ನನಗೂ ಬರುತ್ತದೆ. ಶುಕ್ರವಾರ ನಮಾಜಿನ ನಂತರ ಇವರ ಅಂಗಡಿ ಮುಚ್ಚಿದ್ದನ್ನು ಅವನು ಇವತ್ತೇ ನೋಡಿದ್ದಂತೆ! ದಾರಿಯನ್ನೂ ಅವನೇ ತೋರಿಸಿದ. ಇವರ ಬಣ್ಣ ಬಯಲಾಯಿತು.

ಚಪ್ಪಲಿ ಕೈಯಲ್ಲಿ ಹಿಡಿದು ಕಲ್ಲು ಹತ್ತಿದೆ. ಮೇಲೆ ಮೊಣಕಾಲೆತ್ತರದ ಮಣ್ಣಿನ ಗೋಡೆ, ಅರ್ಧ ಕುಸಿದ ಬುರುಜು, ನಮ್ಮ ಅಡುಗೆಮನೆಯಷ್ಟು ಅಂಗಳ. ದೂರದ ಬೆಟ್ಟ ನುಣ್ಣಗೆ ಅಂತ ಸುಮ್ಮನೆ ಹೇಳಿದ್ದಲ್ಲ.

"ಎಷ್ಟು ಸಲ ಹತ್ತಿದ್ದೀರಿ? ಸತ್ಯ ಹೇಳಿ."

"ಇದೇ ಮೊದಲು."

ನನಗೆ ಮೈಯೆಲ್ಲ ಉರಿಯಿತು. "ಮತ್ತೆ ಶುಕ್ರವಾರ ಎಂತ ಮಾಡ್ತಿದ್ದದ್ದು?"

"ಶುಕ್ರವಾರವೇ ಅಲ್ವಾ ವ್ಯಾಪಾರ? ನಮಾಜಿಗೆ ಶಟರ್ ಎಳೆಯುವುದು, ಬಂದು ತೆಗೆಯುವುದು. ನೀನು ಎಂತ ವಿಶೇಷ ಅಂತ ಕೇಳ್ತಿದ್ದಿ. ಅಕ್ಕಿ ಬಂತು, ಬೇಳೆ ಮುಗೀತು ಅಂತ ಎಷ್ಟು ವಾರ ಹೇಳುವುದು?"

"ನೀವು ಸುಖವಾಗಿದ್ದೀರಿ ಅಂತ ನಂಬಿ ಕೂತಿದ್ದೆನಲ್ಲ, ಮಾರಾಯ್ರೆ!"

"ಕೋಟೆ ವಿಷಯ ತೆಗೆದ ಕೂಡಲೇ ನಿನ್ನ ಸ್ವರ ಬದಲಾಗ್ತಿತ್ತು. ನನಗೆ ಅದು ಕೇಳಬೇಕಿತ್ತು."

ಸಿಟ್ಟೂ ಬಂತು, ಅಳುವೂ ಬಂತು. ಎರಡೂ ಬೇಡವೆಂದು ಸಾರಿನ ಡಬ್ಬ ತೆರೆದೆ. ಗೋಡೆಗೆ ಒರಗಿ ಕೂತು ಪತ್ತಿರ್ ಮುರಿದು ತಿಂದೆವು. ಇವರು ಅಂಗಡಿಯನ್ನೇ ಮರೆತು ತಿಂದರು.

ಅಷ್ಟರಲ್ಲಿ ಇವರ ಫೋನು ಹೊಡೆದುಕೊಂಡಿತು. ಅಂಗಡಿಯ ಖಾಯಂ ಗಿರಾಕಿ ಅವಿಲ್, ಮುಚ್ಚಿದ ಶಟರಿನ ಮುಂದೆ ನಿಂತು ಫೋನು ಮಾಡುತ್ತಿದ್ದಾನೆ. ಇವರು ಅರ್ಧ ಎದ್ದರು. ನಾನು ಇವರ ಮುಖವನ್ನೇ ನೋಡಿದೆ. ಇವರು ಮತ್ತೆ ಕೂತರು.

"ಇವತ್ತು ಅಂಗಡಿ ಇಲ್ಲ ಅವಿಲ್, ನಾಳೆ ಬಾ. ಎಲ್ಲಿ ಅಂದ್ರೆ? ಕೋಟೆಯಲ್ಲಿ! ಶುಕ್ರವಾರ ನಾನು ಇಲ್ಲೇ ಅಲ್ವಾ ಇರುವುದು?"